ಹೊಲೊಗ್ರಾಮ್ ಆರಿಸಿದ ಮೇಲೆ ಕೈಗೆ ಏನು ಉಳಿಯುತ್ತದೆ?

ಶಸ್ತ್ರಚಿಕಿತ್ಸೆ ಕಲಿಸಲು ಎದುರಿನ ವಸ್ತುವಿನ ಮೇಲೆ ಕಂಪ್ಯೂಟರ್ ಚಿತ್ರವನ್ನು (ಹೊಲೊಗ್ರಾಮ್) ಮೂಡಿಸಿ ತೋರಿಸುವ ಆಗ್ಮೆಂಟೆಡ್ ರಿಯಾಲಿಟಿ (ಎಆರ್) ಹೆಡ್‌ಸೆಟ್ ತರಿಸುವವರು ಚಿತ್ರ ಎಷ್ಟು ಚೆನ್ನಾಗಿದೆ ಎಂದು ನೋಡುತ್ತಾರೆ. ಆ ಚಿತ್ರ ಮೂಳೆಯ ಮೇಲೆ ಸರಿಯಾದ ಜಾಗದಲ್ಲಿ ಕೂರುತ್ತದೆಯೇ ಎಂದು ಅಳೆದು ನೋಡುವವರು ಕಡಿಮೆ. ನನ್ನ ಮಟ್ಟಿಗೆ ಇಡೀ ತರಬೇತಿಯ ಬೆಲೆ ನಿಂತಿರುವುದು ಅಲ್ಲೇ.

ಬೆನ್ನುಮೂಳೆಗೆ ಪೆಡಿಕಲ್ ಸ್ಕ್ರೂ ಹಾಕುವುದನ್ನೇ ತೆಗೆದುಕೊಳ್ಳಿ. ಪೆಡಿಕಲ್ ಎಂದರೆ ಕಶೇರುಕದ (ಬೆನ್ನುಮೂಳೆಯ ಒಂದೊಂದು ಮಣಿಯ) ಮುಂಭಾಗವನ್ನೂ ಹಿಂಭಾಗವನ್ನೂ ಸೇರಿಸುವ ಕಿರಿದಾದ ಮೂಳೆ, ಸ್ಕ್ರೂ ಅದರೊಳಗೇ ಹೋಗಬೇಕು. ಎದೆಮಟ್ಟದ ನಡುವಿನ ಕಶೇರುಕಗಳಲ್ಲಿ ಪೆಡಿಕಲ್‌ನ ಅಗಲ ಎಷ್ಟೋ ಜನರಲ್ಲಿ 4–5 ಮಿ.ಮೀ. ಅಷ್ಟೇ. ಒಳಗಡೆ ಜಾರಿದರೆ ಬೆನ್ನುಹುರಿ. ಹಾಗಾಗಿ ತರಬೇತಿಗೆ ಬಳಸುವ ಮಾದರಿ ಮೂಳೆಯ ಸಿಟಿ ಸ್ಲೈಸ್ (ಸ್ಕ್ಯಾನಿನ ಒಂದೊಂದು ಪದರ) 1 ಮಿ.ಮೀ. ಅಥವಾ ಅದಕ್ಕಿಂತ ತೆಳ್ಳಗಿರಲಿ. 3 ಮಿ.ಮೀ. ಸ್ಲೈಸ್‌ನಿಂದ ಕಟ್ಟಿದ ತ್ರೀಡಿ ಚಿತ್ರದ ಅಂಚು ಮೆಟ್ಟಿಲು ಮೆಟ್ಟಿಲಾಗಿ, ಸ್ಕ್ರೂ ಹೊಗುವ ಬಿಂದುವೇ ಮಸುಕಾಗುತ್ತದೆ.

ಮುಂದಿನದು ರೆಜಿಸ್ಟ್ರೇಷನ್, ಅಂದರೆ ಚಿತ್ರವನ್ನೂ ಮೂಳೆಯನ್ನೂ ಒಂದರ ಮೇಲೊಂದು ಕೂರಿಸುವುದು. ಒಂದೇ ಗೆರೆಯಲ್ಲಿಲ್ಲದ ಮೂರು ಬಿಂದು ಲೆಕ್ಕಕ್ಕೆ ಸಾಕು, ಆದರೆ ಜಾಗ ಗುರುತಿಸುವ 4ರಿಂದ 6 ಮಾರ್ಕರ್‌ಗಳನ್ನು ಸ್ಕ್ರೂ ಹಾಕುವ ಜಾಗದ ಸುತ್ತಲೂ ಹರಡಿ ಇಡುವುದು ಒಳ್ಳೆಯದು. ಎಲ್ಲವನ್ನೂ ಒಂದೇ ಮಗ್ಗುಲಿಗೆ ಇಟ್ಟರೆ 1 ಡಿಗ್ರಿ ವಾಲಿಕೆಯೂ 10 ಸೆಂ.ಮೀ. ದೂರದಲ್ಲಿ ಸುಮಾರು 1.7 ಮಿ.ಮೀ. ತಪ್ಪಾಗುತ್ತದೆ. ಪರದೆಯಲ್ಲಿ ಕಾಣುವ ದೋಷದ ಅಂಕಿ ಮಾರ್ಕರ್‌ಗಳ ಬಳಿಯದು, ಮೂಳೆಯ ಒಳಗಿನದಲ್ಲ. ರೆಜಿಸ್ಟ್ರೇಷನ್‌ಗೆ ಬಳಸದ ಒಂದು ಮೂಳೆತುದಿಯನ್ನು ತೆಳು ಕಡ್ಡಿಯಂಥ ಪ್ರೋಬ್‌ನಿಂದ ಮುಟ್ಟಿ ನೋಡಿ. ಚಿತ್ರದಲ್ಲಿನ ಜಾಗಕ್ಕೂ ಅದಕ್ಕೂ 2 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಮೊದಲಿನಿಂದ ಮಾಡಿ. ಮಾರ್ಕರನ್ನು ಮಾದರಿಯ ಸಿಲಿಕೋನ್ ಚರ್ಮಕ್ಕೆ ಅಂಟಿಸಬೇಡಿ, ಚರ್ಮ ಸರಿದರೆ ಅದೂ ಸರಿಯುತ್ತದೆ, ಮೂಳೆಗೇ ಬಿಗಿಯಿರಿ.

ಕಣ್ಣಿನ ತೊಂದರೆಯೂ ಇದೆ. ಮೈಕ್ರೋಸಾಫ್ಟ್‌ನ ಎಆರ್ ಹೆಡ್‌ಸೆಟ್ ಹೊಲೊಲೆನ್ಸ್ 2ರ ಫೋಕಸ್ ಸುಮಾರು 2 ಮೀಟರ್ ದೂರಕ್ಕಿದೆ, ಕೈ ಕೆಲಸ ಮಾಡುವುದು ಅರ್ಧ ಮೀಟರ್‌ನಲ್ಲಿ. ಅದಕ್ಕೇ ಗೆರೆ ಮೂಳೆಯಿಂದ ಮೇಲೆ ತೇಲಿದಂತೆ ಕಾಣುತ್ತದೆ, ತಲೆನೋವೂ ಬರುತ್ತದೆ. ಹಾಕಿಕೊಳ್ಳುವವರು ಬದಲಾದಾಗಲೆಲ್ಲ ಕಣ್ಣಿನ ಕ್ಯಾಲಿಬ್ರೇಷನ್ (ಹೆಡ್‌ಸೆಟ್ಟನ್ನು ಅವರ ಕಣ್ಣಿಗೆ ಹೊಂದಿಸುವುದು) ಮಾಡಿ. ಮೇಲಿನ ದೀಪವನ್ನು ಓರೆಯಾಗಿಸಿ, ಇಲ್ಲದಿದ್ದರೆ ಚಿತ್ರ ಮಂಕಾಗುತ್ತದೆ.

ಗಮನದ ವಿಷಯ ಇನ್ನೂ ಗಂಭೀರ. 2013ರಲ್ಲಿ ಪ್ರಕಟವಾದ ಎಂಡೋಸ್ಕೋಪಿ ಅಧ್ಯಯನವೊಂದರಲ್ಲಿ ಎಆರ್ ಬಳಸಿದ ಶಸ್ತ್ರವೈದ್ಯರು ಗುರಿಯನ್ನು ಹೆಚ್ಚು ನಿಖರವಾಗಿ ಮುಟ್ಟಿದರು, ಆದರೆ ಕಣ್ಣೆದುರೇ ಇದ್ದ ಅನ್ಯವಸ್ತುವನ್ನು ಗಮನಿಸದೆ ಹೋದವರು ಅವರಲ್ಲೇ ಹೆಚ್ಚು.

ಆದ್ದರಿಂದ ಮಾರ್ಗದರ್ಶನವನ್ನು ಹಂತಹಂತವಾಗಿ ಹಿಂದಕ್ಕೆ ತೆಗೆಯಲೇಬೇಕು. ಮೊದಲು ಸ್ಕ್ರೂವಿನ ಪೂರ್ತಿ ದಾರಿ ತೋರಿಸಿ, ಆಮೇಲೆ ಹೊಗುವ ಬಿಂದು ಮಾತ್ರ, ಆಮೇಲೆ ಡ್ರಿಲ್ ಮಾಡಿ ಮುಗಿದ ನಂತರ ತಾಳೆ ನೋಡಲಷ್ಟೇ. ಸದಾ ಸಿಗುವ ಸುಳಿವಿಗೆ ಕೈ ಒರಗಿಬಿಡುತ್ತದೆ. ಮೂಳೆಯ ಸ್ಪರ್ಶವನ್ನಂತೂ ಯಾವ ಹೊಲೊಗ್ರಾಮೂ ಕಲಿಸದು. ಹೊರಗೆ ಗಟ್ಟಿ, ಒಳಗೆ ಫೋಮ್ ಇರುವ ಮಾದರಿ ಮೂಳೆ ಬಳಸಿ, ಗುಂಡುತುದಿಯ ಪ್ರೋಬ್‌ನಿಂದ ರಂಧ್ರದ ನಾಲ್ಕು ಗೋಡೆ ಮತ್ತು ತಳ ಮುಟ್ಟಿಸಿ. ಪರೀಕ್ಷೆ ಹೆಡ್‌ಸೆಟ್ ಇಲ್ಲದೆಯೇ ನಡೆಯಲಿ: ಸ್ಕ್ರೂ ಹಾಕಿದ ಮಾದರಿಗೆ ಮತ್ತೆ ಸಿಟಿ ಮಾಡಿ, ಗೋಡೆ ಒಡೆದಿದ್ದರೆ ಎಷ್ಟು ಮಿ.ಮೀ., ಯಾವ ಕಡೆಗೆ ಎಂದು ಬರೆದಿಟ್ಟು, ಕೆಲವು ವಾರ ಬಿಟ್ಟು ಅದೇ ಪರೀಕ್ಷೆ ಮತ್ತೆ ಕೊಡಿ.