ಜೈಸಲ್ಮೇರ್‌ಗೆ ಹೋಗುವವರೇ, ಟೆಂಟ್ ಬಿಡಿ, ಗೈಡ್ ಯಾರು ಅಂತ ಕೇಳಿ

ಚಳಿಗಾಲ ಹತ್ತಿರ ಬಂದರೆ ಸಾಕು, ನಮ್ಮ ಟ್ರೆಕ್ಕಿಂಗ್ ಗೆಳೆಯರ ವಾಟ್ಸಾಪ್ ಗ್ರೂಪ್‌ನಲ್ಲಿ ಜೈಸಲ್ಮೇರ್ ಮಾತು ಶುರುವಾಗುತ್ತದೆ. ಟೆಂಟ್ ಹೇಗಿದೆ, ಬಿಸಿನೀರು ಬರುತ್ತಾ, ಊಟಕ್ಕೆ ಏನೇನಿರುತ್ತೆ ಅಂತ ಎಲ್ಲರೂ ಕೇಳುತ್ತಾರೆ. ಕರೆದುಕೊಂಡು ಹೋಗುವವರು ಯಾರು ಅಂತ ಮಾತ್ರ ಒಬ್ಬರೂ ಕೇಳುವುದಿಲ್ಲ.

ಜೈಸಲ್ಮೇರ್‌ನಿಂದ ಸುಮಾರು 40 ಕಿ.ಮೀ. ದೂರದ ಸಮ್ ದಿಬ್ಬಗಳ ಹತ್ತಿರ ಕ್ಯಾಂಪ್‌ಗಳು ಸಾಲಾಗಿ ನಿಂತಿವೆ. ಸಂಜೆ ಜೀಪಿನಲ್ಲಿ ಮರಳ ಮೇಲೆ ಕುಲುಕಾಟ, ಒಂಟೆ ಮೇಲೆ ಒಂದು ಸುತ್ತು, ರಾತ್ರಿ ಡಿಜೆ. ತಲೆತಲಾಂತರದಿಂದ ಹಾಡುವುದನ್ನೇ ಕಸುಬು ಮಾಡಿಕೊಂಡ ಮಂಗಣಿಯಾರ್ ಕಲಾವಿದರು ಕಮಾಯ್ಚಾ ಅನ್ನುವ ತಂತಿವಾದ್ಯ ಹಿಡಿದು ಕೂತರೆ, ಎರಡನೇ ಹಾಡಿಗೇ ಯಾರೋ ಸಿನಿಮಾ ಹಾಡು ಬೇಕು ಅಂತ ಕೂಗುತ್ತಾರೆ. ಪಾಪ, ಅವರೂ ಹಾಡುತ್ತಾರೆ. ಹೊಟ್ಟೆಪಾಡು ಅಲ್ವಾ.

ಡಿಜೆಗೆ ಕುಣಿಯಲು ಅಷ್ಟು ದೂರ ಯಾಕೆ ಹೋಗಬೇಕು?

ನಾವು ಹೋಗಿದ್ದು ಜೈಸಲ್ಮೇರ್ ಹತ್ತಿರದ ಇನ್ನೊಂದು ಹಳ್ಳಿ ಖುರಿ ಕಡೆ. ಸಾಮಾನು ಒಂಟೆ ಮೇಲೆ, ನಾವು ಕಾಲ್ನಡಿಗೆಯಲ್ಲಿ. ಗೈಡ್ ಅಲ್ಲೇ ಹುಟ್ಟಿ ಬೆಳೆದ ಹಿರಿಯರು. ನಾವೆಲ್ಲ ಕಾಕಾ ಅಂತಲೇ ಕರೆಯುತ್ತಿದ್ದೆವು. ದಾರಿಯಲ್ಲಿ ಅವರು ನಮ್ಮನ್ನು ನಿಲ್ಲಿಸಿ ತೋರಿಸಿದ್ದು ಒಂದು ಬೇರಿ. ಬಾಯಿ ಕಿರಿದಾದ ಪುಟ್ಟ ಬಾವಿ. ನಾನು ಸುಮ್ನೆ ಬಗ್ಗಿ ನೋಡಿ ಮುಂದೆ ಹೊರಟಿದ್ದೆ. ಅವರು ಬಿಡಲಿಲ್ಲ, ಕೂರಿಸಿ ಹೇಳಿದರು.

ಅಲ್ಲಿ ವರ್ಷಕ್ಕೆ 200 ಮಿ.ಮೀ. ಮಳೆಯೂ ಕಷ್ಟ. ಆಳಕ್ಕೆ ಕೊರೆದರೆ ಸಿಗುವುದು ಹೆಚ್ಚಾಗಿ ಉಪ್ಪುನೀರು. ಆದರೆ ಕೆಲವು ಕಡೆ ಮರಳಿನ ಕೆಳಗೆ ಜಿಪ್ಸಮ್ ಪದರ ಇದೆ. ಬಿದ್ದ ಮಳೆ ಮರಳಲ್ಲಿ ಇಳಿದು ಆ ಪದರದ ಮೇಲೆ ನಿಲ್ಲುತ್ತದೆ, ಕೆಳಗಿನ ಉಪ್ಪುನೀರಿಗೆ ಸೇರುವುದಿಲ್ಲ. ಬೇರಿ ಅಗೆಯುವವರು ಆ ಪದರ ದಾಟುವುದಿಲ್ಲ. ಮರಳಿನ ತೇವ ಹನಿಹನಿಯಾಗಿ ಒಳಗೆ ಒಸರುತ್ತದೆ, ರಾತ್ರಿಯಿಡೀ ಕೂಡಿದ್ದನ್ನು ಬೆಳಿಗ್ಗೆ ಸೇದುತ್ತಾರೆ. ಬಾಯಿ ಕಿರಿದಾದ್ದರಿಂದ ಬಿಸಿಲಿಗೆ ಆರುವುದೂ ಕಡಿಮೆ. ನೀರಿಲ್ಲದ ನಾಡು ಅಂತ ನಾವು ಕರೆಯುವ ಕಡೆ ಜನ ನೀರಿನ ಲೆಕ್ಕ ಇಷ್ಟು ಚೆನ್ನಾಗಿ ಇಟ್ಟಿದ್ದಾರೆ. ಬೋರ್‌ವೆಲ್ ಮೇಲೆ ಬೋರ್‌ವೆಲ್ ಕೊರೆಸುವ ಬೆಂಗಳೂರಿನವನು ನಾನು, ಏನು ಮಾತಾಡಲಿ!

ಕುಲಧರಾದಲ್ಲೂ ಹೀಗೇ. ಪಾಲಿವಾಲ ಬ್ರಾಹ್ಮಣರು ಬಿಟ್ಟುಹೋದ ಆ ಹಳ್ಳಿಗೆ ಬರುವ ಎಲ್ಲ ಗೈಡ್‌ಗಳ ಬಾಯಲ್ಲೂ ಅವರನ್ನು ಕಾಡಿದ ಜೈಸಲ್ಮೇರ್ ದೀವಾನ ಸಾಲಿಮ್ ಸಿಂಗ್‌ನ ಕಥೆ, ಶಾಪ, ದೆವ್ವ. ಜನ ಖುಷಿಯಾಗಿ ಹೆದರುತ್ತಾರೆ. ಪಾಲಿವಾಲರ ಖಡೀನ್ ಬಗ್ಗೆ ಹೇಳುವವರು ಕಡಿಮೆ. ಕಲ್ಲಿನ ಇಳಿಜಾರಿನ ನೀರೆಲ್ಲ ಬಂದು ಸೇರುವ ತಗ್ಗಿಗೆ ಉದ್ದ ಒಡ್ಡು ಹಾಕುತ್ತಾರೆ. ನೀರು ಇಂಗಿದ ಮೇಲೆ, ಆ ತೇವದಲ್ಲೇ ಚಳಿಗಾಲದಲ್ಲಿ ಗೋಧಿ, ಕಡಲೆ ಬೆಳೆಯುತ್ತಾರೆ. ಮರುಭೂಮಿಯಲ್ಲಿ ಗೋಧಿ! ನನಗಂತೂ ದೆವ್ವಕ್ಕಿಂತ ಇದೇ ದೊಡ್ಡ ಅಚ್ಚರಿ.

ಆ ಕಡೆಯದ್ದೇ ಡೆಸರ್ಟ್ ನ್ಯಾಷನಲ್ ಪಾರ್ಕ್, 3,162 ಚದರ ಕಿ.ಮೀ. ಅಲ್ಲಿನವರು ಗೋಡಾವಣ ಅನ್ನುವ ಹಕ್ಕಿ ನಮ್ಮ ಎರೆಭೂತವೇ, ಅಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್. ಸಿರುಗುಪ್ಪದ ಎರೆಹೊಲಗಳಲ್ಲಿ ಈಗ ಬೆರಳೆಣಿಕೆಯಷ್ಟು ಉಳಿದಿವೆ. ಈ ಹಕ್ಕಿಗೆ ನೇರ ಮುಂದಿನದು ಸರಿಯಾಗಿ ಕಾಣುವುದಿಲ್ಲ, ಮೈ ಭಾರ ಬೇರೆ. ವಿದ್ಯುತ್ ತಂತಿ ಹತ್ತಿರ ಬಂದ ಮೇಲೆ ತಿರುಗಲು ಆಗುವುದಿಲ್ಲ, ಬಡಿದು ಸಾಯುತ್ತದೆ. ತಂತಿಗಳನ್ನು ನೆಲದಡಿ ಹಾಕಿ ಅಂತ ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿತು, 2024ರಲ್ಲಿ ಆ ಆದೇಶ ಸಡಿಲವಾಯಿತು. ಅಲ್ಲಿನ ಸೋಲಾರ್ ಕರೆಂಟ್ ಸಾಗಿಸಲೂ ತಂತಿ ಬೇಕಲ್ಲ. ಸೋಲಾರ್ ಬೇಕು, ಹಕ್ಕಿಯೂ ಬೇಕು. ನಾವು ಒಂದು ಎರೆಭೂತವನ್ನೂ ನೋಡಲಿಲ್ಲ ಬಿಡಿ.

ಒಂಟೆ ಸವಾರಿ ಕ್ರೌರ್ಯ ಅಂತ ಕೆಲವರು ಹೇಳುತ್ತಾರೆ. ನಾನು ಪೂರ್ತಿ ಒಪ್ಪುವುದಿಲ್ಲ. 2012 ಮತ್ತು 2019ರ ಜಾನುವಾರು ಗಣತಿಗಳ ನಡುವೆ ದೇಶದ ಒಂಟೆಗಳು ಸುಮಾರು 4 ಲಕ್ಷದಿಂದ ಎರಡೂವರೆ ಲಕ್ಷಕ್ಕೆ ಇಳಿದವು. ಕೆಲಸವಿಲ್ಲದ ಒಂಟೆಯನ್ನು ಯಾರು ಸಾಕುತ್ತಾರೆ? ಗಾಯವಾದ, ಬಡಕಲು ಪ್ರಾಣಿಯ ಮೇಲೆ ಹತ್ತಬೇಡಿ, ಅಷ್ಟೇ.

ಈ ಸಲ ಹೋಗುವವರಿಗೆ: ದುಡ್ಡು ಕಟ್ಟುವ ಮೊದಲು ಗೈಡ್ ಜೊತೆ ಫೋನಿನಲ್ಲಿ ಹತ್ತು ನಿಮಿಷ ಮಾತಾಡಿ. ಯಾವ ಊರು, ದಾರಿಯಲ್ಲಿ ಏನೇನು ತೋರಿಸುತ್ತೀರಿ ಅಂತ ಕೇಳಿ. ಬರೀ ಫೋಟೋ ಪಾಯಿಂಟ್‌ಗಳ ಹೆಸರು ಹೇಳಿದರೆ ಬೇರೆಯವರನ್ನು ಹುಡುಕಿ. ಮತ್ತೆ ಜನವರಿ ರಾತ್ರಿ ಬಯಲಲ್ಲಿ ವಿಪರೀತ ಚಳಿ, ಮರುಭೂಮಿ ಅಂತ ಬರೀ ಟೀ ಶರ್ಟ್ ತುಂಬಿಕೊಂಡು ಹೋಗಬೇಡಿ.