ಸತ್ಯಾಂಶ: ಆರ್‌ಸಿ ತಪ್ಪು ತಿದ್ದಿದರೆ ರಸ್ತೆ ತೆರಿಗೆ ತಾನಾಗಿ ವಾಪಸ್ ಬರುವುದೇ?

ಆರ್‌ಸಿಯಲ್ಲಿನ (ವಾಹನ ನೋಂದಣಿ ಪ್ರಮಾಣಪತ್ರ) ತಪ್ಪನ್ನು ಡಿಜಿಲಾಕರ್‌ ಅಥವಾ ಎಂಪರಿವಾಹನ್‌ ಆ್ಯಪ್‌ನಲ್ಲೇ ತಿದ್ದಿದರೆ, ಹೆಚ್ಚಾಗಿ ಕಟ್ಟಿದ ರಸ್ತೆ ತೆರಿಗೆ ನೇರವಾಗಿ ಬ್ಯಾಂಕ್ ಖಾತೆಗೆ ಜಮೆಯಾಗುತ್ತದೆ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದು ನಿಜವಲ್ಲ. ಈ ಆ್ಯಪ್‌ಗಳು ಸರ್ಕಾರದ ವಾಹನ ನೋಂದಣಿ ದಾಖಲೆಗಳ ‘ವಾಹನ್’ ದತ್ತಾಂಶದಲ್ಲಿ ಇರುವುದನ್ನು ತೋರಿಸುತ್ತವೆಯೇ ಹೊರತು, ಅದನ್ನು ತಿದ್ದುವ ಅಧಿಕಾರ ಇರುವುದು ನೋಂದಣಿ ಪ್ರಾಧಿಕಾರಕ್ಕೆ, ಅಂದರೆ ಆರ್‌ಟಿಒ ಕಚೇರಿಗೆ.

ಎಲ್ಲ ತಪ್ಪುಗಳೂ ತೆರಿಗೆಯನ್ನು ಮುಟ್ಟುವುದಿಲ್ಲ. ಮಾಲೀಕರ ಹೆಸರಿನಲ್ಲಿ ಒಂದಕ್ಷರ ತಪ್ಪಿದರೆ ತೆರಿಗೆ ಬದಲಾಗದು. ಆದರೆ ಬೆಲೆ, ವಾಹನದ ವರ್ಗ, ಆಸನಗಳ ಸಂಖ್ಯೆ ಅಥವಾ ಇಂಧನ ತಪ್ಪಾಗಿ ದಾಖಲಾದರೆ ಬದಲಾಗಬಹುದು. ಕರ್ನಾಟಕದಲ್ಲಿ ಖಾಸಗಿ ಪೆಟ್ರೋಲ್, ಡೀಸೆಲ್ ಕಾರುಗಳ ಜೀವಾವಧಿ ತೆರಿಗೆಯು (ನೋಂದಣಿ ವೇಳೆ ಒಮ್ಮೆಗೇ ಕಟ್ಟುವ ರಸ್ತೆ ತೆರಿಗೆ) 5ರಿಂದ 10 ಲಕ್ಷ ರೂಪಾಯಿವರೆಗಿನ ಬೆಲೆಗೆ ಶೇ 14, 10ರಿಂದ 20 ಲಕ್ಷದವರೆಗೆ ಶೇ 17ರ ದರದಲ್ಲಿದ್ದ ಲೆಕ್ಕವನ್ನೇ ತೆಗೆದುಕೊಂಡರೆ, 9.8 ಲಕ್ಷದ ಕಾರು 10.8 ಲಕ್ಷವೆಂದು ನಮೂದಾದಾಗ 1,37,200 ರೂಪಾಯಿಯ ಬದಲು 1,83,600 ರೂಪಾಯಿ ಬೀಳುತ್ತದೆ, ಉಪಕರ ಬೇರೆ.

ಇಂಥ ತಪ್ಪಿಗೆ ಮೂಲ ಇನ್‌ವಾಯ್ಸ್, ವಿತರಕರು ಕೊಟ್ಟ ಮಾರಾಟ ಪ್ರಮಾಣಪತ್ರ (ನಮೂನೆ 21), ತೆರಿಗೆ ರಸೀದಿ ಮತ್ತು ಆರ್‌ಸಿಯೊಂದಿಗೆ ವಾಹನ ನೋಂದಣಿಯಾದ ಕಚೇರಿಗೆ ಲಿಖಿತ ಅರ್ಜಿ ಸಲ್ಲಿಸಬೇಕು. ಅಗತ್ಯವೆನಿಸಿದರೆ ಅಧಿಕಾರಿಗಳು ಚಾಸಿ ಸಂಖ್ಯೆಯನ್ನೂ ಪರಿಶೀಲಿಸುತ್ತಾರೆ. ಮರುಪಾವತಿ ಕೇಳುವುದು ತಿದ್ದುಪಡಿಗಿಂತ ಪ್ರತ್ಯೇಕವಾದ ಕೋರಿಕೆ. ಸಂದೇಶ ಹೇಳದ ಇನ್ನೊಂದು ಮುಖವೂ ಇದೆ: ತಪ್ಪಿನಿಂದ ತೆರಿಗೆ ಕಡಿಮೆ ಬಿದ್ದಿದ್ದರೆ, ವ್ಯತ್ಯಾಸದ ಹಣವನ್ನು ಮಾಲೀಕರೇ ಕಟ್ಟಬೇಕಾಗುತ್ತದೆ.

ಸಂದೇಶದ ಜೊತೆ ಎಪಿಕೆ ಫೈಲ್ (ಆಂಡ್ರಾಯ್ಡ್ ಫೋನ್‌ನಲ್ಲಿ ಆ್ಯಪ್ ಅಳವಡಿಸುವ ಫೈಲ್) ಬಂದಿದ್ದರೆ ಅದನ್ನು ಇನ್‌ಸ್ಟಾಲ್ ಮಾಡಬಾರದು. ಸಾರಿಗೆ ಇಲಾಖೆಯ ಹೆಸರಿನಲ್ಲಿ ಬರುವ ಇಂಥ ಫೈಲ್‌ಗಳ ಮೂಲಕ ಒಟಿಪಿ ಕದ್ದು ಹಣ ದೋಚಿದ ಪ್ರಕರಣಗಳು ದಾಖಲಾಗಿವೆ.