ಸೂಜಿ-ದಾರಕ್ಕೂ ಸೂಪರ್ ಮಾರ್ಕೆಟ್ ಏರಿಯಾಕ್ಕೇ ಹೋಗಬೇಕಾ?

ಸೀರೆಗೆ ಮ್ಯಾಚಿಂಗ್ ಫಾಲ್ ಬೇಕಾ? ಕಲಬುರಗಿಯ ಬಜಾರ ಇರುವ ಸೂಪರ್ ಮಾರ್ಕೆಟ್ ಏರಿಯಾ ಕಡೆ ಗಾಡಿ ತಿರುಗಿಸಿ. ಮಿಕ್ಸಿ ಜಾರಿಗೆ ವಾಷರ್ ಬೇಕಾ? ಮತ್ತೆ ಅಲ್ಲಿಗೇ. ಜಗತ್ ಸರ್ಕಲ್ ದಾಟೋಷ್ಟರಲ್ಲಿ ವಾಷರ್‌ಗಿಂತ ಪೆಟ್ರೋಲ್ ಖರ್ಚೇ ಜಾಸ್ತಿ. ಕಲಬುರಗಿ ರಿಂಗ್ ರೋಡ್ ದಾಟಿ ಬೆಳೆದಿದೆ, ಬಜಾರ ಮಾತ್ರ ಇದ್ದಲ್ಲೇ ಇದೆ. ಊರಿಗೆ ಊರೇ ಒಂದೇ ಕಡೆ ನುಗ್ಗಿದ ಮೇಲೆ ಟ್ರಾಫಿಕ್ ಅಂತ ಬೈದು ಏನು ಉಪಯೋಗ?

ನನ್ನ ಪ್ರಕಾರ ಪ್ರತಿ ಬಡಾವಣೆಗೂ ಅದರದ್ದೇ ಒಂದು ಬಜಾರ ಬೀದಿ ಇರಬೇಕು, ಮನೆಯಿಂದ ಚಪ್ಪಲಿ ಮೆಟ್ಟಿಕೊಂಡು ನಡೆದೇ ಹೋಗಿ ಬರುವಂಥದ್ದು. ನಿಜ ಹೇಳಬೇಕೆಂದರೆ ಅರ್ಧ ಕೆಲಸ ತಾನಾಗೇ ಆಗಿದೆ. ಸೇಡಂ ರಸ್ತೆ ಕಡೆಯ ನಮ್ಮ ಬಡಾವಣೆಯನ್ನೇ ನೋಡಿ. ಮನೆ ಮುಂದಿನ ಕೋಣೆಗಳೆಲ್ಲ ಅಂಗಡಿಗಳಾಗಿವೆ. ಹಿಟ್ಟಿನ ಗಿರಣಿ, ಟೇಲರ್, ಮೆಡಿಕಲ್, ಜೆರಾಕ್ಸ್, ಖಡಕ್ ರೊಟ್ಟಿ ಮಾರುವ ಮನೆ ಎಲ್ಲ ಇವೆ. ಸಂಜೆಯಾದರೆ ಕಾಯಿಪಲ್ಯದ ಬಂಡಿ, ಮಿರ್ಚಿ ಭಜಿ ಬಂಡಿ ಬರುತ್ತವೆ.

ಅಂಗಡಿ ಬಂದವು, ನಡೆಯೋಕೆ ಜಾಗ ಬರಲಿಲ್ಲ. ಗಟಾರದ ಮೇಲೆ ಹಾಸಿದ ಫರ್ಸಿಯೇ ನಮ್ಮ ಫುಟ್‌ಪಾತ್. ಅದರಲ್ಲಿ ಒಂದು ಕಲ್ಲು ಒಡೆದಿರುತ್ತದೆ, ಇನ್ನೊಂದು ಕಾಲಿಟ್ಟರೆ ಅಲ್ಲಾಡುತ್ತದೆ. ನಾಲ್ಕು ಹೆಜ್ಜೆ ಆದ ಮೇಲೆ ಯಾರದೋ ಕಾರು ಹತ್ತಿಸುವ ಇಳಿಜಾರು. ಆಮೇಲೆ ಮೆಡಿಕಲ್ ಅಂಗಡಿಯ ಮೂರು ಮೆಟ್ಟಿಲು, ಅದರ ಪಕ್ಕ ಟ್ರಾನ್ಸ್‌ಫಾರ್ಮರ್, ಉಳಿದ ಜಾಗಕ್ಕೆ ಅಡ್ಡಡ್ಡ ನಿಲ್ಲಿಸಿದ ಬೈಕುಗಳು. ಮೊಣಕಾಲು ನೋವಿನ ಅವ್ವಂದಿರು ಚೀಲ ಹಿಡಿದು ರಸ್ತೆಗೆ ಇಳಿಯದೆ ಇನ್ನೇನು ಮಾಡಬೇಕು? ರಸ್ತೆಗಳಿಗೆ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಸಂಸ್ಥೆಯ ಮಾರ್ಗಸೂಚಿ ಪ್ರಕಾರ ಫುಟ್‌ಪಾತ್‌ನಲ್ಲಿ ಕನಿಷ್ಠ 1.8 ಮೀಟರ್ ಅಡ್ಡಿಯಿಲ್ಲದ ಅಗಲ ಇರಬೇಕು, ಎತ್ತರ 15 ಸೆಂಟಿಮೀಟರ್ ಮೀರಬಾರದು. ನಮ್ಮಲ್ಲಿ ಎಷ್ಟೋ ಕಡೆ ಅದನ್ನು ಹತ್ತೋಕೆ ಗೋಡೆ ಹಿಡಿಯಬೇಕು.

ಆದರೆ ಈ ಊರಿಗೆ ಅಗಲಕ್ಕಿಂತ ಮೊದಲು ಬೇಕಾದದ್ದು ನೆರಳು. ಏಪ್ರಿಲ್-ಮೇನಲ್ಲಿ 42 ಡಿಗ್ರಿ ದಾಟುವಾಗ ಬರೀ ಟೈಲ್ಸ್ ಹಾಕಿದ ಬೀದಿಯಲ್ಲಿ ಯಾರು ನಡೀತಾರೆ? 2020ರ ನವೆಂಬರ್‌ನಲ್ಲಿ ಬೆಂಗಳೂರಿನ ಚರ್ಚ್ ಸ್ಟ್ರೀಟ್‌ನಲ್ಲಿ ಶನಿವಾರ, ಭಾನುವಾರ ಗಾಡಿಗಳ ಓಡಾಟ ನಿಲ್ಲಿಸಿದಾಗ ಜನ ಖುಷಿಯಿಂದ ಓಡಾಡಿದರು. ಅಲ್ಲಿನ ಹವೆಗೆ ಅದು ಸರಿ. ಅದರ ಕಾಪಿ ಹೊಡೆದು ಇಲ್ಲಿ ಕಲ್ಲು ಹಾಸಿದರೆ ಮಧ್ಯಾಹ್ನ ಅದರ ಮೇಲೆ ರೊಟ್ಟಿ ಬೇಯಿಸಬಹುದು.

ನಮ್ಮ ಹಿರಿಯರಿಗೆ ಇದು ಗೊತ್ತಿತ್ತು. ಕಲಬುರಗಿಯ ಹಳೆ ಬಜಾರಿನ ಅಳತೆ ಬ್ರಿಟಿಷರ ಕಾಲದ ಗೆಜೆಟಿಯರ್‌ನಲ್ಲಿದೆ: 570 ಅಡಿ ಉದ್ದ, 60 ಅಡಿ ಅಗಲ, ಎರಡೂ ಬದಿಗೆ ತಲಾ 61 ಕಮಾನು. ಲೆಕ್ಕ ಹಾಕಿ ನೋಡಿ, ಒಂದು ಕಮಾನಿಗೆ ಒಂಬತ್ತು ಅಡಿ ಚಿಲ್ಲರೆ. ಇವತ್ತಿನ ಒಂದು ಶಟರ್ ಅಂಗಡಿಯಷ್ಟೇ ಅಗಲ! ಸಾಲುಸಾಲು ಕಮಾನು ಕಟ್ಟೋಕೆ ನಮಗೀಗ ಆಗಲ್ಲ, ಒಪ್ಪಿದೆ. ಅಂಗಡಿ ಮುಂದೆ ಒಂದೇ ಎತ್ತರದ ತಗಡಿನ ಚಪ್ಪರ, ನಡುನಡುವೆ ಬೇವಿನ ಗಿಡ, ಇಷ್ಟಂತೂ ಆಗುತ್ತದಲ್ವಾ? ನೆಲಕ್ಕೆ ಇಂಟರ್‌ಲಾಕ್ ಟೈಲ್ಸ್ ಯಾಕೆ, ಪಕ್ಕದಲ್ಲೇ ಫರ್ಸಿ ಕಲ್ಲಿನ ಊರು ಶಹಾಬಾದ್ ಇದೆ. ಸರಿಯಾಗಿ ಕೂರಿಸಿದ ಫರ್ಸಿ ಅಲ್ಲಾಡಲ್ಲ.

ಅಂಗಡಿಯವರ ಭಯ ನನಗೆ ಅರ್ಥವಾಗುತ್ತದೆ. "ಗಾಡಿ ನಿಲ್ಲಸ್ಲಾಕ ಜಾಗ ಇಲ್ಲಂದ್ರ ಗಿರಾಕಿ ಹೆಂಗ ಬರ್ತಾರ್ರೀ?" ಅಂತ ನಮ್ಮ ಕಿರಾಣಿ ಅಂಗಡಿಯ ಕಾಕಾ ಕೇಳಿದರು. ಆದರೆ ಕಾಕಾ, ನಿಮ್ಮ ಉದ್ರಿ ಬುಕ್ಕಿನಲ್ಲಿ ಇರೋ ಹೆಸರುಗಳು ಯಾರವು? ಎಲ್ಲ ಇದೇ ಓಣಿಯವರು. ಅಂಗಡಿ ಮುಂದೆ ಬೆಳಿಗ್ಗೆಯಿಂದ ಸಂಜೆತನಕ ನಿಂತಿರೋ ಬೈಕ್ ಗಿರಾಕಿಯದ್ದಲ್ಲ, ಬಹಳ ಸಲ ಅಂಗಡಿಯವರದ್ದೇ.

ಇನ್ನು ಬಂಡಿಗಳ ವಿಷಯ. ಬೀದಿ ಚೆಂದ ಮಾಡೋಣ ಅಂದ ಕೂಡಲೇ ಮೊದಲು ಎಬ್ಬಿಸೋದು ಇವರನ್ನೇ. ಇದು ನನಗೆ ಸಿಟ್ಟು ತರಿಸುತ್ತದೆ. ಬಂಡಿ ಇಲ್ಲದ ಬೀದಿಗೆ ಸಂಜೆ ಯಾರು ಬರುತ್ತಾರೆ? 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಸರ್ವೆ ಮುಗಿಸಿ ಪ್ರಮಾಣಪತ್ರ ಕೊಡುವ ತನಕ ಯಾರನ್ನೂ ಎಬ್ಬಿಸುವಂತಿಲ್ಲ. ಬೀದಿ ವ್ಯಾಪಾರದ ವಿಷಯ ನೋಡಿಕೊಳ್ಳುವ ಪಟ್ಟಣ ಮಾರಾಟ ಸಮಿತಿಯಲ್ಲಿ ಶೇ. 40ಕ್ಕೆ ಕಡಿಮೆ ಇಲ್ಲದಂತೆ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಪಾಲು ಹೆಂಗಸರು. ಬಂಡಿಗೆ ಗೆರೆ ಎಳೆದು ಜಾಗ ಕೊಡಿ, ಲೈಟ್ ಕೊಡಿ, ನೀರು ಕೊಡಿ. ಅಲ್ಲೇ ಒಂದು ಶೌಚಾಲಯವೂ ಬೇಕು.

ಜನಕ್ಕೆ ನಡೆದು ಅಭ್ಯಾಸ ಇಲ್ಲ ಅನ್ನೋದು ಸುಮ್ನೆ ಮಾತು. ಶರಣಬಸವೇಶ್ವರ ಜಾತ್ರೆಯಲ್ಲಿ ಇದೇ ಜನ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು, ಬಳೆ ಅಂಗಡಿಯಿಂದ ಮಿಠಾಯಿ ಅಂಗಡಿಗೆ ಗಂಟೆಗಟ್ಟಲೆ ನಡೆಯುತ್ತಾರೆ.

ಪೈಪು, ಒಳಚರಂಡಿ ಅಂತ ರಸ್ತೆಯನ್ನು ಹೇಗೂ ಅಗೆಯುತ್ತಾರೆ. ಮುಚ್ಚುವಾಗ ಮೊದಲು ಫುಟ್‌ಪಾತ್ ಅಳೆದು, ಉಳಿದ ಜಾಗಕ್ಕೆ ಡಾಂಬರು ಹಾಕಲಿ. ಅಲ್ಲಿಯತನಕ ಒಂದು ಬೀದಿಯಲ್ಲಿ ಭಾನುವಾರ ಸಂಜೆ ಐದರಿಂದ ಒಂಬತ್ತರವರೆಗೆ ಗಾಡಿಗಳ ಓಡಾಟ ನಿಲ್ಲಿಸಿ ನೋಡೋಣ. ಎರಡು ಬ್ಯಾರಿಕೇಡ್ ಸಾಕು, ಆಂಬುಲೆನ್ಸ್‌ಗೆ ದಾರಿ ಬಿಟ್ಟರಾಯಿತು. ನಾಲ್ಕು ವಾರ ಆದ ಮೇಲೆ ಕಾಕಾನ ಗಲ್ಲಾಪೆಟ್ಟಿಗೆ ಏನು ಹೇಳುತ್ತದೋ ಅದನ್ನೇ ಒಪ್ಪಿಕೊಳ್ಳೋಣ.